ಪಾದದ ಬಳಿ ಒಂದಿಷ್ಟು ಹೊತ್ತು

(ಧ್ಯಾನಕ್ಕಾಗಿ: ಲೂಕ 10:38–42)



ಬೆಟ್ಟ ಹತ್ತಿ ದಣಿದು ಬಂದಿದ್ದೀರಿ. ಮೇಣದಬತ್ತಿ ಹಚ್ಚಬೇಕು, ಹರಕೆ ಒಪ್ಪಿಸಬೇಕು, ಮಕ್ಕಳಿಗೆ ಊಟ ಆಗಬೇಕು, ಕೊನೇ ಬಸ್ಸು ತಪ್ಪಬಾರದು. ದೇವರ ಸನ್ನಿಧಿಗೆ ಬಂದರೂ ನಮ್ಮ ಗಡಿಬಿಡಿ ನಮ್ಮನ್ನು ಬಿಡೋದಿಲ್ಲ, ಅಲ್ವಾ? ಒಂದೈದು ನಿಮಿಷ ಕೂತು ಇದನ್ನು ಓದಿ.

ನಿಮ್ಮಲ್ಲಿ ಕೆಲವರು ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಅರಬೈಲ್ ಘಟ್ಟ ಹತ್ತಿದವರಿರಬಹುದು. ಆ ತಿರುವುಗಳಲ್ಲಿ ಅನುಭವಸ್ಥ ಡ್ರೈವರ್ ಏನು ಮಾಡ್ತಾನೆ? ಹಾರ್ನ್ ಹಾಕ್ತಾನೆ, ಎದುರಿನಿಂದ ಹಾರ್ನ್ ಬರುತ್ತದೋ ಎಂದು ಕಿವಿಯನ್ನೂ ಕೊಡ್ತಾನೆ. ಮಳೆಗಾಲದ ಮಂಜಿನಲ್ಲಂತೂ ಕಣ್ಣಿಗಿಂತ ಕಿವಿಯೇ ಆಸರೆ. ತನ್ನ ಹಾರ್ನನ್ನೇ ಒತ್ತುತ್ತಾ ಹೋಗುವವನಿಗೆ ಎದುರಿನ ಲಾರಿಯ ಸದ್ದು ಕೇಳುವುದಿಲ್ಲ. ನಮ್ಮ ಪ್ರಾರ್ಥನೆಯೂ ಎಷ್ಟೋ ಸಲ ಹೀಗೇ. ಬೇಡಿಕೆಗಳನ್ನು ಒಂದರ ಹಿಂದೊಂದು ಹೇಳಿ, ಶಿಲುಬೆಯ ಗುರುತು ಹಾಕಿ ಎದ್ದುಬಿಡುತ್ತೇವೆ. ಪ್ರಭುವಿಗೆ ಮಾತಾಡಲು ಅವಕಾಶವೇ ಇಲ್ಲ!

ಇಬ್ಬರು ಅಕ್ಕತಂಗಿಯರು

ಮಾರ್ತಾ ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಳು. ತಂಗಿ ಮರಿಯಳು ಸ್ವಾಮಿಯ ಪಾದದ ಬಳಿ ಕೂತು ಕೇಳುತ್ತಿದ್ದಳು. ಉಪಚಾರದ ಕೆಲಸವೆಲ್ಲ ತನ್ನ ತಲೆಯ ಮೇಲೇ ಬಿದ್ದಾಗ ಮಾರ್ತಾ ಅತಿಥಿಗೇ ದೂರು ಕೊಟ್ಟಳು. ಪ್ರಭು ಆಕೆಯ ಹೆಸರನ್ನು ಎರಡು ಸಲ ಕರೆದು, ಹಲವು ಚಿಂತೆಗಳಲ್ಲಿ ಬೇಕಾದದ್ದು ಒಂದೇ, ಮರಿಯಳು ಆರಿಸಿಕೊಂಡ ಪಾಲನ್ನು ಆಕೆಯಿಂದ ಕಸಿಯಲಾಗದು ಎಂದರು. ಇಲ್ಲಿ ಮೂರು ವಿಷಯ ಗಮನಿಸಿ.

1. ಪ್ರಭು ಕೆಲಸವನ್ನು ಹೀಗಳೆಯಲಿಲ್ಲ. ಇದಕ್ಕೆ ಸ್ವಲ್ಪ ಮುಂಚೆಯೇ ದಯಾಳು ಸಮಾರಿಯದವನ ಕಥೆ ಹೇಳಿ, ನೀನೂ ಹಾಗೇ ಮಾಡು ಎಂದಿದ್ದರು. ಇದಾದ ಮೇಲೆ ಬರುವುದು ಅವರು ಕಲಿಸಿದ ಪ್ರಾರ್ಥನೆ. ಸೇವೆಗೂ ಪ್ರಾರ್ಥನೆಗೂ ನಡುವೆ ಸಂತ ಲೂಕರು ಆಲಿಸುವಿಕೆಯನ್ನು ಇಟ್ಟಿದ್ದಾರೆ.

2. ಪಾದದ ಬಳಿ ಕೂರುವುದು ಶಿಷ್ಯರ ಸ್ಥಾನ. ಸಂತ ಪೌಲರೂ ತಾವು ಗಮಲಿಯೇಲನ ಪಾದದ ಬಳಿ ಕಲಿತೆ ಎನ್ನುತ್ತಾರೆ. ಆ ಕಾಲದಲ್ಲಿ ಅದು ಸಾಮಾನ್ಯವಾಗಿ ಗಂಡಸರ ಜಾಗ. ಪ್ರಭು ಅದನ್ನು ಒಬ್ಬ ಹೆಣ್ಣುಮಗಳಿಗೆ ಕೊಟ್ಟರು. ಈಗ ನಮ್ಮ ಮನೆ ನೋಡೋಣ. ಹಬ್ಬದ ದಿನ ಬೆಳಗಿನ ಜಾವವೇ ಎದ್ದು ಅಡುಗೆಗೆ ನಿಂತ ಅಮ್ಮ ಬಲಿಪೂಜೆಗೆ ಓಡೋಡಿ ಬರುತ್ತಾಳೆ. ಪ್ರಬೋಧನೆ ಕೇಳುವಾಗಲೂ ಮನಸ್ಸು ಒಲೆಯ ಮೇಲೇ. ಅಂಥವಳಿಗೆ "ಮಾರ್ತಾಳಂತೆ ಆಗಬೇಡ" ಎಂದು ಬುದ್ಧಿ ಹೇಳೋದು ಸುಲಭ. ಆದರೆ ಪಾತ್ರೆ ತೊಳೆಯುವವರು ಯಾರು? ಗಂಡಸರೇ, ಮಕ್ಕಳೇ, ಒಂದು ಪಾಳಿ ನೀವು ತಗೊಳ್ಳಿ. ಆಕೆಯೂ ಕೂತು ಕೇಳಲಿ. ಆ ಪಾಲನ್ನು ನಾವೇ ಕಸಿದುಕೊಳ್ಳುತ್ತಿಲ್ಲವೇ?

3. ಮಾರ್ತಾ ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಲಾಜರ ತೀರಿಕೊಂಡಾಗ ಯೇಸುವನ್ನು ಎದುರುಗೊಂಡು, ನೀವೇ ಕ್ರಿಸ್ತ ಎಂದು ವಿಶ್ವಾಸ ಸಾರಿದವಳು ಆಕೆಯೇ. ಮುಂದೆ ಬೆಥಾನಿಯದ ಔತಣದಲ್ಲಿ ಮತ್ತೆ ಉಪಚರಿಸುತ್ತಾಳೆ. ಈ ಸಲ ದೂರಿನ ಮಾತಿಲ್ಲ. ಜುಲೈ 29 ಮೊದಲು ಧರ್ಮಸಭೆಯ ಸಾಮಾನ್ಯ ಪಂಚಾಂಗದಲ್ಲಿ ಮಾರ್ತಾಳೊಬ್ಬಳ ಸ್ಮರಣೆಯಾಗಿತ್ತು. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಮರಿಯ, ಲಾಜರರನ್ನೂ ಸೇರಿಸಿದರು. ಈಗ ಮೂವರಿಗೂ ಒಂದೇ ಹಬ್ಬ.

ಇಂದು ಏನು ಮಾಡಬಹುದು?

ಪ್ರವಾದಿ ಎಲೀಯನಿಗೆ ಹೋರೇಬ್ ಬೆಟ್ಟದಲ್ಲಿ ದೇವರು ಬಿರುಗಾಳಿ, ಭೂಕಂಪ, ಬೆಂಕಿಗಳಲ್ಲಿ ಸಿಗಲಿಲ್ಲ, ಮೆಲುದನಿಯಲ್ಲಿ ಸಿಕ್ಕರು. ಇಳಿಯುವ ಮುನ್ನ ಮೊಬೈಲ್ ಆಫ್ ಮಾಡಿ, ಒಂದು ಮೂಲೆಯಲ್ಲಿ ಕೂತ್ಕೊಳ್ಳಿ. ಮೇಲಿನ ಐದು ವಚನಗಳನ್ನು ನಿಧಾನವಾಗಿ ಓದಿ. ಏನನ್ನೂ ಬೇಡದೆ ಹತ್ತು ನಿಮಿಷ ಸುಮ್ಮನಿರಿ. ಮನಸ್ಸು ಊರಿಗೆ ಓಡಿದರೆ ಬೇಸರ ಬೇಡ, ಮೆಲ್ಲಗೆ ವಾಪಸು ಕರೆತನ್ನಿ. ಮುನಿಸಿಕೊಂಡ ಅಣ್ಣನೊಡನೆ ಮಾತಾಡು ಎಂದು ಒಳಗೆ ಕೇಳಿಸಿದರೆ, ಮನೆಗೆ ಹೋದ ಮೇಲೆ ಅದನ್ನೇ ಮೊದಲು ಮಾಡಿ. ಕೇಳಿದ್ದು ಕೈಗೆ ಬಂದಾಗಲೇ ಯಾತ್ರೆ ಸಾರ್ಥಕ.

ಪ್ರಾರ್ಥನೆ: ಪ್ರಭುವೇ, ನಮ್ಮ ಕೈಗಳಿಗೆ ಮಾರ್ತಾಳ ಶ್ರದ್ಧೆಯನ್ನೂ ಕಿವಿಗಳಿಗೆ ಮರಿಯಳ ತಾಳ್ಮೆಯನ್ನೂ ಕೊಡಿ. ಆಮೆನ್.