ಬುದ್ಧಿ ಇದ್ದವರೆಲ್ಲ ವಿವೇಕಿಗಳೇ?

ಪ್ರಶ್ನೆ: ‘ಬುದ್ಧಿ’ಗೂ ‘ವಿವೇಕ’ಕ್ಕೂ ಏನು ವ್ಯತ್ಯಾಸ? ‘ವಿವೇಕ’ ಎಂಬ ಮಾತು ಎಲ್ಲಿಂದ ಬಂತು? ‘ವಿವೇಕತನ’ ಎಂದು ಬರೆಯಬಹುದೇ?
– ಓದುಗರೊಬ್ಬರು, ಪುಣಜನೂರು, ಚಾಮರಾಜನಗರ ತಾಲ್ಲೂಕು

ಉತ್ತರ: ಎರಡೂ ಸಂಸ್ಕೃತದಿಂದ ಬಂದ ಮಾತುಗಳೇ, ಆದರೆ ಧಾತು ಬೇರೆ. ‘ಬುದ್ಧಿ’ಯ ಮೂಲ ‘ಬುಧ್’, ಅಂದರೆ ಎಚ್ಚರಗೊಳ್ಳು, ತಿಳಿ. ‘ಬೋಧೆ’, ‘ಬುದ್ಧ’ ಹುಟ್ಟಿದ್ದೂ ಅದರಿಂದಲೇ. ‘ವಿವೇಕ’ದ ಮೂಲ ‘ವಿಚ್’, ಅಂದರೆ ಬೇರ್ಪಡಿಸು. ಕಾಳಿನಿಂದ ಹೊಟ್ಟನ್ನು ಬೇರೆ ಮಾಡುವುದಕ್ಕೂ ಹಿಂದೆ ಇದೇ ಧಾತು ಬಳಕೆಯಲ್ಲಿತ್ತು. ಕಣದಲ್ಲಿ ರಾಗಿ ತೂರುವವರನ್ನು, ಮೊರದಲ್ಲಿ ಕೇರುವವರನ್ನು ಕಂಡ ನಿಮಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಮುಂದೆ ವೇದಾಂತಿಗಳು ನಿತ್ಯವಾದದ್ದನ್ನು ಅನಿತ್ಯದಿಂದ ಬಿಡಿಸಿ ನೋಡುವುದನ್ನು ವಿವೇಕವೆಂದು ಕರೆದು, ಸಾಧಕನಿಗೆ ಬೇಕಾದ ನಾಲ್ಕು ಅರ್ಹತೆಗಳಲ್ಲಿ ಅದನ್ನೇ ಮೊದಲಿಗಿಟ್ಟರು.

ಬುದ್ಧಿಯ ಬಳಕೆ ಬಹಳ ಅಗಲ. ‘ಬುದ್ಧಿ ಹೇಳು’ ಎಂದರೆ ತಿದ್ದು, ‘ಬುದ್ಧಿ ಕಲಿಸ್ತೀನಿ’ ಎಂದರೆ ಬೆದರಿಕೆ. ನಿಮ್ಮ ಸೀಮೆಯಲ್ಲಂತೂ ಮಠದ ಸ್ವಾಮಿಗಳನ್ನು ‘ಬುದ್ಧಿಯೋರು’ ಎನ್ನುವುದುಂಟು. ದೊಡ್ಡವರ ಮುಂದೆ ನಿಂತು ‘ಆಯ್ತು ಬುದ್ಧೀ’ ಎನ್ನುವುದೂ ಉಂಟು. ವಿವೇಕಕ್ಕೆ ಇಷ್ಟು ಓಡಾಟವಿಲ್ಲ. ಕಳ್ಳನಿಗೂ ಬುದ್ಧಿ ಚುರುಕಾಗಿರಬಹುದು, ಅವನನ್ನು ವಿವೇಕಿ ಎಂದು ಯಾರೂ ಕರೆಯುವುದಿಲ್ಲ. ತಿಳಿದದ್ದರಲ್ಲಿ ಯಾವುದು ಈ ಹೊತ್ತಿಗೆ ಸಲ್ಲುತ್ತದೆ, ಯಾವುದು ಸಲ್ಲದು ಎಂದು ವಿಂಗಡಿಸಿ ನಡೆದುಕೊಂಡರೆ ಮಾತ್ರ ಆ ಮಾತು ಬರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ನಿಮ್ಮ ಬಿಳಿಗಿರಿರಂಗನ ಕಾಡಿನಲ್ಲೇ ಇದೆ. ಅಲ್ಲಿನ ಆದಿವಾಸಿಗಳಾದ ಸೋಲಿಗರು ಹಿಂದೆ ‘ತರಗು ಬೆಂಕಿ’ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ಪಸೆ ಇರುವಾಗಲೇ, ಉದುರಿದ ಎಲೆಗೆ ತಗ್ಗಾದ ಬೆಂಕಿ. ಅದು ತರಗನ್ನು ಸುಡುತ್ತಿತ್ತು, ದೊಡ್ಡ ಮರಗಳನ್ನು ಉಳಿಸುತ್ತಿತ್ತು. ಕಡುಬೇಸಿಗೆಯ ಕಾಳ್ಗಿಚ್ಚಿನ ರೀತಿಯೇ ಬೇರೆ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾದ ಮೇಲೆ ಕಾನೂನಿನ ಕಟ್ಟುಪಾಡಿನಿಂದ ತರಗು ಬೆಂಕಿ ನಿಂತಿತು. ಲಂಟಾನ ಪೊದೆ ಹಬ್ಬಿದ್ದು, ನೆಲ್ಲಿಮರಗಳಿಗೆ ‘ಉಪ್ಪಿಲು’ ಎಂಬ ಬಂದಳಿಕೆ ಹೆಚ್ಚಿದ್ದು ಬೆಂಕಿ ನಿಂತದ್ದರಿಂದಲೇ ಎನ್ನುತ್ತಾರೆ ಸೋಲಿಗ ಹಿರಿಯರು. ಸಂಶೋಧಕರೂ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳದೆ ಅಧ್ಯಯನ ಮಾಡಿದ್ದಾರೆ. ಬೆಂಕಿ ಸುಡುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಯಾವ ತಿಂಗಳ ಬೆಂಕಿ ಕಾಡನ್ನು ಕಾಯುತ್ತದೆ, ಯಾವುದು ನುಂಗುತ್ತದೆ ಎಂದು ಬೇರೆ ಮಾಡಿ ಅರಿತದ್ದನ್ನು ನಾನು ವಿವೇಕ ಎಂದೇ ಕರೆಯುತ್ತೇನೆ. ಆ ಅರಿವಿಗೆ ಕಾನೂನು ಬರೆದವರು ಕಿವಿಗೊಡಬೇಕಿತ್ತು.

ಬಳಕೆಯ ಬಗ್ಗೆ ಒಂದೆರಡು ಮಾತು. ಆಡುಮಾತಿನಲ್ಲಿ ‘ವಿವೇಕಿ’ಗಿಂತ ಬೈಗುಳದ ‘ಅವಿವೇಕಿ’ಯೇ ಹೆಚ್ಚು ಕೇಳಿಬರುತ್ತದೆ. ಹೊಗಳುವಾಗ ಹಳ್ಳಿಯವರು ‘ತಿಳಿವಳಿಕಸ್ಥ’ ಎನ್ನುವುದೇ ಹೆಚ್ಚು. ‘ವಿವೇಚನೆ’ ಇದೇ ಧಾತುವಿನ ಇನ್ನೊಂದು ರೂಪ. ಗುಣಕ್ಕೆ ‘ವಿವೇಕ’, ತೂಗಿ ನೋಡುವ ಕ್ರಿಯೆಗೆ ‘ವಿವೇಚನೆ’ ಒಪ್ಪುತ್ತದೆ. ಅಧಿಕಾರಿಯೊಬ್ಬ ಸ್ವಂತ ತೀರ್ಮಾನದಿಂದ ಚಲಾಯಿಸುವ ಅಧಿಕಾರವನ್ನು ‘ವಿವೇಚನಾಧಿಕಾರ’ ಎನ್ನುವುದು ಅದಕ್ಕೇ. ‘ವಿವೇಕತನ’ ಬೇಡ. ‘ವಿವೇಕ’ವೇ ಗುಣದ ಹೆಸರು, ಅದರ ಮೇಲೆ ‘ತನ’ ಹೇರಬೇಕಾಗಿಲ್ಲ. ‘ಅವಿವೇಕಿತನ’ ಬರೆಯಬಹುದು, ಅಲ್ಲಿ ‘ತನ’ ಸೇರಿರುವುದು ವ್ಯಕ್ತಿಯನ್ನು ಹೇಳುವ ‘ಅವಿವೇಕಿ’ಗೆ.