ಅಕ್ಷರರಾಶಿಯ ಸಂಕೋಚನ

ಜಾಲತಾಣಗಳ ರಚನೆಗೆ ಬಳಸುವ ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ಪಠ್ಯವನ್ನು ಕಿರಿದುಗೊಳಿಸಲು ‘ಜಿಝಡ್‌ಕಂಪ್ರೆಸ್’ ಎಂಬ ಆಜ್ಞೆಯುಂಟು. ಇದರ ತಿರುಳು 1977ರಲ್ಲಿ ಜಿವ್ ಮತ್ತು ಲೆಂಪೆಲ್ ಪ್ರಕಟಿಸಿದ ವಿಧಾನ: ಒಮ್ಮೆ ಬಂದ ಸರಣಿಯು ಮರಳಿ ಬಂದಲ್ಲಿ ಅದನ್ನು ಪುನಃ ಬರೆಯದೆ, ಎಷ್ಟು ಹಿಂದೆ, ಎಷ್ಟು ಉದ್ದ ಎಂಬೆರಡು ಸಂಖ್ಯೆಗಳನ್ನಷ್ಟೇ ಇಡುವುದು. ಹೆಚ್ಚು ಬಳಕೆಯ ಚಿಹ್ನೆಗೆ ಗಿಡ್ಡ ಸಂಕೇತ ಕೊಡುವ ಹಫ್‌ಮನ್ನರ 1952ರ ಕ್ರಮವೂ ಇದರೊಡನೆ ಸೇರಿದೆ.

ಕನ್ನಡಕ್ಕಿದು ವಿಶೇಷ ಉಪಕಾರಿ. ಯುಟಿಎಫ್-8 ಕ್ರಮದಲ್ಲಿ ‘ಕ’ ಎಂಬುದಕ್ಕೆ 3 ಬೈಟುಗಳು ಬೇಕು. ‘ಕಿ’ ಎಂದರೆ ಗುಣಿತಚಿಹ್ನೆಯೂ ಸೇರಿ 6. ಆದರೆ ಎಲ್ಲ ಕನ್ನಡ ಚಿಹ್ನೆಗಳಿಗೂ ಮೊದಲ ಬೈಟು ಒಂದೇ. ಎರಡನೆಯದು ಎರಡೇ ಬಗೆ. ಕಾವ್ಯದಲ್ಲಿ ದೋಷವೆನಿಸುವ ಪುನರುಕ್ತಿ ಇಲ್ಲಿ ಗುಣವಾಗಿದೆ!

ಅಲ್ಪಪಠ್ಯಕ್ಕೆ ಮಾತ್ರ ಇದು ಸಲ್ಲದು. ‘ಕನ್ನಡ’ ಎಂಬ ಒಂದೇ ಪದದ 15 ಬೈಟುಗಳನ್ನು ಸಂಕೋಚಿಸಹೊರಟರೆ, ಆರಂಭದ ಗುರುತಿಗೆ 2, ತಾಳೆನೋಟಕ್ಕೆ 4 ಬೈಟುಗಳು ಕೂಡಿ ಫಲವು ಮೂಲಕ್ಕಿಂತ ಹಿರಿದಾಗುತ್ತದೆ.