ನಿಲಯಪಾಲಕರು: ಹೆಸರು ಮತ್ತು ಹೊಣೆ

ವಿದ್ಯಾರ್ಥಿನಿಲಯದ ವಾರ್ಡನ್ನರಿಗೆ ಕನ್ನಡದಲ್ಲಿ ಎರಡು ಹೆಸರುಗಳು ರೂಢಿಯಲ್ಲಿವೆ: ನಿಲಯಪಾಲಕ, ಮೇಲ್ವಿಚಾರಕ. ಮೊದಲನೆಯದರಲ್ಲಿ ಪೊರೆಯುವ ಅರ್ಥವಿದೆ. ಎರಡನೆಯದರಲ್ಲಿ ಅಧಿಕಾರದಿಂದ ನೋಡಿಕೊಳ್ಳುವ ಅರ್ಥ. ಕಚೇರಿಯ ಕಾಗದಪತ್ರಗಳಲ್ಲಿ ಇವು ಸಮಾನಾರ್ಥಕಗಳಂತೆ ಕಂಡರೂ ಕೆಲಸದಲ್ಲಿ ಹಲವೊಮ್ಮೆ ಒಂದಕ್ಕೊಂದು ಎದುರಾಗುತ್ತವೆ. ಇದಕ್ಕೆ ಹೈದರಾಬಾದಿನ ಚರಿತ್ರೆಯಲ್ಲಿಯೇ ನಿದರ್ಶನವಿದೆ.

1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ, ಅಂದು ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಿದ್ದರು. 1938ರಲ್ಲಿ ನಿಲಯದ ಪ್ರಾರ್ಥನಾ ಕೊಠಡಿಯಲ್ಲಿ ವಂದೇ ಮಾತರಂ ಹಾಡುವುದನ್ನು ಆಡಳಿತವು ನಿಷೇಧಿಸಿತು. ಒಪ್ಪದ ವಿದ್ಯಾರ್ಥಿಗಳನ್ನು ನಿಲಯಗಳಿಂದಲೂ ಬಳಿಕ ವಿಶ್ವವಿದ್ಯಾನಿಲಯದಿಂದಲೂ ಹೊರಹಾಕಲಾಯಿತು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾನಿಲಯವು ಆಶ್ರಯವಿತ್ತಿತು. ಚಳವಳಿಯ ಈ ಕಥೆ ಪ್ರಸಿದ್ಧವಾದುದು. ಆದರೆ ನಿಲಯದ ಸಿಬ್ಬಂದಿಯ ಸ್ಥಿತಿಯೂ ವಿಚಾರಾರ್ಹ. ಆಜ್ಞೆಯನ್ನು ಕೋಣೆಕೋಣೆಗೆ ಮುಟ್ಟಿಸಬೇಕಾದವರೇ ಅದೇ ಹುಡುಗರ ಊಟ, ಆರೋಗ್ಯಗಳಿಗೂ ಹೊಣೆಗಾರರು. ಅಂತಹ ಹೊತ್ತಿನಲ್ಲಿ ಅವರು ಯಾರೊಡನೆ ಆಲೋಚಿಸಬೇಕು?

ಅದೇ ನಗರದ ರೆಡ್ಡಿ ಹಾಸ್ಟೆಲಿನ ಆಡಳಿತವನ್ನು ತೆಲುಗು ವಿದ್ವಾಂಸ ಸುರವರಂ ಪ್ರತಾಪರೆಡ್ಡಿಯವರು ಅನೇಕ ವರ್ಷ ನೋಡಿಕೊಂಡರು. 1926ರಲ್ಲಿ ಗೋಲ್ಕೊಂಡ ಪತ್ರಿಕೆಯನ್ನು ಆರಂಭಿಸಿದವರೂ ಅವರೇ. ನಿಲಯದ ಕೆಲಸವು ಅವರಲ್ಲಿ ಅಧ್ಯಯನದೊಡನೆ ಬೆರೆತಿತ್ತು. ಆದರೆ ಪ್ರತಾಪರೆಡ್ಡಿಯಂಥವರು ದೊರೆಯುವುದು ಅದೃಷ್ಟ; ಅದನ್ನು ವ್ಯವಸ್ಥೆಯೆನ್ನಲಾಗದು.

ರ‍್ಯಾಗಿಂಗ್ ತಡೆಗಾಗಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯು ಪ್ರತಿ ನಿಲಯಕ್ಕೂ ಪೂರ್ಣಾವಧಿ ವಾರ್ಡನ್ ಇರಬೇಕೆಂದು ವಿಧಿಸಿತು. ಶಿಸ್ತನ್ನು ಕಾಯುವ ಬಲದೊಡನೆ ಯುವಜನರಿಗೆ ಆಪ್ತಸಲಹೆ ನೀಡುವ ಮೃದು ಕೌಶಲವೂ ಅವರಲ್ಲಿರಬೇಕು. ಎಲ್ಲ ಹೊತ್ತಿನಲ್ಲಿಯೂ ಅವರು ದೊರೆಯುವಂತೆ ಸಂಸ್ಥೆಯು ಮೊಬೈಲ್ ದೂರವಾಣಿಯನ್ನು ಒದಗಿಸಬೇಕು. ಕನ್ನಡದ ಎರಡೂ ಹೆಸರುಗಳು ಇಲ್ಲಿ ಒಂದೇ ಹುದ್ದೆಯಲ್ಲಿ ಕೂಡಿವೆ. ವಿದ್ಯಾರ್ಥಿಯು ವಾರ್ಡನ್ನರಿಗೆ ಕರೆಮಾಡಬಹುದು, ಸರಿ. ನಡುರಾತ್ರಿ ದಿಕ್ಕು ತೋಚದ ವಾರ್ಡನ್ನರು ಯಾರಿಗೆ ಕರೆಮಾಡಬೇಕು?

ಹಲವೆಡೆ ಅಧ್ಯಾಪಕರೇ ಪಾಠದ ಜೊತೆಗೆ ಈ ಭಾರವನ್ನು ಹೊರುತ್ತಾರೆ. ಪಿಎಚ್.ಡಿ. ಪದವಿಯು ಅಳುತ್ತ ಬಂದ ಹುಡುಗಿಯೊಡನೆ ಮಾತಾಡುವುದನ್ನು ಕಲಿಸುವುದಿಲ್ಲ. ಆದ್ದರಿಂದ ಒಂದೇ ಆವರಣದ ನಿಲಯಪಾಲಕರು ತಿಂಗಳಿಗೊಮ್ಮೆಯಾದರೂ ಕೂಡಿ, ವಿದ್ಯಾರ್ಥಿಯ ಹೆಸರನ್ನು ಎತ್ತದೆ, ಕಠಿಣ ಪ್ರಸಂಗಗಳನ್ನು ಚರ್ಚಿಸುವುದು ಅವಶ್ಯ. ಹೊಸಬರು ಕೆಲಕಾಲ ಅನುಭವಿಯೊಬ್ಬರ ಜೊತೆಗಿದ್ದು ಕಲಿಯಬೇಕು. ಆಪ್ತಸಮಾಲೋಚಕರಿಂದ ತರಬೇತಿ ದೊರೆಯಬೇಕು. ಅಲ್ಲಿ ತಪ್ಪೊಪ್ಪಿಕೊಂಡವರ ಮಾತು ಸೇವಾಪುಸ್ತಕಕ್ಕೆ ಏರಬಾರದು. ಏರಿತೆಂದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡರು. ಈ ಕೂಟಕ್ಕೆ ಅಡುಗೆಯವರನ್ನೂ ರಾತ್ರಿಯ ಕಾವಲುಗಾರರನ್ನೂ ಕರೆಯಬೇಕು. ಊಟ ಬಿಟ್ಟ ಹುಡುಗನನ್ನು ಮೊದಲು ಗುರುತಿಸುವವರು ಮೆಸ್ಸಿನವರೇ.